ಗೊದ್ದದ ಗೂಡು ಬೆಳೆಯುತ್ತಿಲ್ಲವೇ? ಕಲಬುರಗಿ ಬಿಸಿಲಿಗೆ ತಕ್ಕ ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿ ಕ್ಯಾಂಪೊನೋಟಸ್ ಕಂಪ್ರೆಸಸ್ ಕುರಿತದ್ದು. ಬೇವಿನ ಬುಡದಲ್ಲಿ, ಜಾಲಿ ಬುಡದಲ್ಲಿ, ಅಂಗಳದ ಕಟ್ಟೆಯ ಸಂದಿಯಲ್ಲಿ ಸಾಲುಗಟ್ಟಿ ಓಡಾಡುವ ದೊಡ್ಡ ಕರಿ ಗೊದ್ದ ಇದೇ. ಹವ್ಯಾಸಕ್ಕೆಂದು ಇದನ್ನು ಮನೆಯಲ್ಲಿ ಸಾಕುತ್ತಿದ್ದೇವೆ, ಟೆಸ್ಟ್ ಟ್ಯೂಬಿನಲ್ಲಿ ಒಂದು ರಾಣಿ, ಹತ್ತಿಪ್ಪತ್ತು ಕೆಲಸಗಾರ ಇರುವೆಗಳು ಇವೆ, ಸಂಖ್ಯೆ ಮಾತ್ರ ಏರುತ್ತಿಲ್ಲ ಎನ್ನುವವರಿಗಾಗಿ ಬರೆದದ್ದು. ಗೊದ್ದ ಮರ ತಿನ್ನುವುದಿಲ್ಲ, ತೊಲೆ ತಿನ್ನುವುದು ಗೆದ್ದಲು. ಮನೆಯವರು ಆಕ್ಷೇಪ ಎತ್ತಿದರೆ ಇಷ್ಟು ಹೇಳಿದರೆ ಸಾಕು.

ನಿಧಾನ ಎಂದರೆ ಎಷ್ಟು ನಿಧಾನ?

ಮೊದಲು ಗೂಡು ನಿಜಕ್ಕೂ ನಿಂತಿದೆಯೇ ಎಂದು ಖಚಿತ ಮಾಡಿಕೊಳ್ಳಬೇಕು. ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಹಾರಿ ಗಂಡಿನೊಡನೆ ಕೂಡಿದ ರಾಣಿ ರೆಕ್ಕೆ ಕಳಚಿ ಒಂದು ಕಡೆ ಅಡಗಿ ಕೂರುತ್ತದೆ. ಮೊದಲ ಕೆಲಸಗಾರರು ಹುಟ್ಟುವವರೆಗೆ ಅದಕ್ಕೆ ಆಹಾರ ಬೇಕಿಲ್ಲ. ಇನ್ನು ಕೆಲಸಕ್ಕೆ ಬಾರದ ರೆಕ್ಕೆಯ ಸ್ನಾಯುಗಳನ್ನು, ಮೈಯಲ್ಲಿದ್ದ ಕೊಬ್ಬನ್ನು ಕರಗಿಸಿ ಅದರಿಂದಲೇ ಮೊದಲ ಮರಿಗಳನ್ನು ಸಾಕುತ್ತದೆ. ಬಂಡವಾಳ ಅಷ್ಟೇ ಆದ್ದರಿಂದ ಮೊದಲ ಕಂತಿನಲ್ಲಿ ಹುಟ್ಟುವವು ಕೆಲವೇ ಇರುವೆಗಳು, ಅವೂ ಕುಳ್ಳ. ಮೊಟ್ಟೆಯಿಂದ ಕೆಲಸಗಾರ ಆಗಲು 28 ಡಿಗ್ರಿ ಆಸುಪಾಸಿನಲ್ಲಿ ಸುಮಾರು 5ರಿಂದ 7 ವಾರ ಬೇಕು, ಚಳಿಯಲ್ಲಿ ಇನ್ನೂ ಹೆಚ್ಚು.

ಈಗ ಲೆಕ್ಕ ಹಾಕಿ. ಜೂನ್ ಕೊನೆಯಲ್ಲಿ ಹಿಡಿದ ರಾಣಿಗೆ ಆಗಸ್ಟ್‌ನಲ್ಲಿ ಮೊದಲ ಕಂತು, ದೀಪಾವಳಿ ಹೊತ್ತಿಗೆ ಎರಡನೆಯದು, ಆಮೇಲೆ ಚಳಿ. ಸಂಕ್ರಾಂತಿಗೆ 15–20 ಇರುವೆ ಇದ್ದರೆ ಅದು ಸೋತ ಗೂಡಲ್ಲ. ಎಷ್ಟು ಲಾರ್ವಾಗಳಿಗೆ (ಮೊಟ್ಟೆಯೊಡೆದು ಬಂದ ಹುಳುವಿನಂಥ ಮರಿಗಳಿಗೆ) ಉಣಿಸಬಹುದು ಎಂಬುದು ಉಣಿಸುವ ಬಾಯಿಗಳ ಸಂಖ್ಯೆಯ ಮೇಲೆ ನಿಂತಿದೆ. ಹಾಗಾಗಿ ಐದು ಹತ್ತಾಗಲು ಹಿಡಿಯುವ ಕಾಲದಲ್ಲೇ ಮುಂದೆ ಐವತ್ತು ನೂರಾಗುತ್ತದೆ. ಮೊದಲ ವರ್ಷ ಎಲ್ಲರಿಗೂ ಬೇಸರದ್ದೇ.

ನಿಜವಾಗಿ ನಿಂತಿದೆ ಎನ್ನಲು ಗುರುತು ಹೀಗೆ: ಹವೆ ಬೆಚ್ಚಗಿದ್ದ ಎರಡು ತಿಂಗಳಲ್ಲಿ ಹೊಸ ಕೋಶ (ಲಾರ್ವಾ ತನ್ನ ಸುತ್ತ ಹೆಣೆದುಕೊಳ್ಳುವ ರೇಷ್ಮೆಯ ಚೀಲ) ಒಂದೂ ಕಾಣಬಾರದು, ಅಥವಾ ಮೊಟ್ಟೆ ಇದ್ದೂ ಅದು ಲಾರ್ವಾ ಹಂತ ದಾಟಬಾರದು. ಇದನ್ನು ನೆನಪಿನ ಮೇಲೆ ಬಿಡಬೇಡಿ. ವಾರಕ್ಕೊಮ್ಮೆ, ಒಂದೇ ದಿನ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದು ಮೊಟ್ಟೆ, ಲಾರ್ವಾ, ಕೋಶ, ಕೆಲಸಗಾರ ಎಂಬ ನಾಲ್ಕು ಅಂಕಣಗಳಲ್ಲಿ ಬರೆದಿಡಿ.

ಇನ್ನೊಂದು ಸಾಧ್ಯತೆಯೂ ಉಂಟು. ಕೋಶ ಒಡೆದು ರೆಕ್ಕೆ ಇರುವ ಗಂಡುಗಳೇ ಬರುತ್ತಿದ್ದರೆ ರಾಣಿ ಕೂಡಿಯೇ ಇಲ್ಲ ಎಂದರ್ಥ. ಇರುವೆಗಳಲ್ಲಿ ಫಲಿತವಾಗದ ಮೊಟ್ಟೆಯಿಂದ ಗಂಡೇ ಹುಟ್ಟುತ್ತದೆ. ಆ ರಾಣಿಗೆ ಯಾವ ಆರೈಕೆಯೂ ಫಲ ಕೊಡದು.

ನಮ್ಮ ಕಡೆ ಮೊದಲ ವೈರಿ ಬಿಸಿಲು

ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿನಾಡಿನವರದು. ಹೀಟಿಂಗ್ ಮ್ಯಾಟ್ ಹಾಕಿ, ಚಳಿಗಾಲದಲ್ಲಿ ಫ್ರಿಜ್‌ನಲ್ಲಿಟ್ಟು ಮಲಗಿಸಿ ಎನ್ನುತ್ತಾರೆ. ಕಲಬುರಗಿ, ಯಾದಗಿರಿಯಲ್ಲಿ ಇವೆರಡೂ ಬೇಡ. ಇಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮನೆಯ ಮೇಲಂತಸ್ತಿನ ಕೋಣೆ ಮಧ್ಯರಾತ್ರಿಯವರೆಗೂ ಕಾದೇ ಇರುತ್ತದೆ. ಬಯಲಿನ ಗೊದ್ದ ಆ ಹೊತ್ತಿಗೆ ಮರಿಗಳನ್ನು ಹೊತ್ತು ನೆಲದಾಳಕ್ಕೆ ಇಳಿಯುತ್ತದೆ. ಟ್ಯೂಬಿನಲ್ಲಿರುವುದಕ್ಕೆ ಇಳಿಯಲು ಆಳವೇ ಇಲ್ಲ.

ಬಿಸಿಯ ಪೆಟ್ಟು ಇರುವೆಗಷ್ಟೇ ಅಲ್ಲ. ಕ್ಯಾಂಪೊನೋಟಸ್ ಜಾತಿಗಳ ಕರುಳಿನ ಜೀವಕೋಶಗಳಲ್ಲಿ ಬ್ಲಾಕ್‌ಮೇನಿಯಾ ಎಂಬ ಬ್ಯಾಕ್ಟೀರಿಯಾ ವಾಸವಾಗಿದೆ. ಜರ್ಮನಿಯ ಪ್ರಾಣಿಶಾಸ್ತ್ರಜ್ಞ ಬ್ಲಾಕ್‌ಮನ್ 1880ರ ದಶಕದಲ್ಲೇ ಇದನ್ನು ಗುರುತಿಸಿದ್ದ. ತಾಯಿಯಿಂದ ಮೊಟ್ಟೆಗೆ ದಾಟುವ ಈ ಜೀವಿ ಇರುವೆಗೆ ಬೇಕಾದ ಅಮೈನೋ ಆಮ್ಲಗಳನ್ನು ತಯಾರಿಸುತ್ತದೆ, ಯೂರಿಯಾದಲ್ಲಿರುವ ಸಾರಜನಕವನ್ನು ಮತ್ತೆ ಬಳಕೆಗೆ ತರುತ್ತದೆ. ಅಮೆರಿಕದ ಒಂದು ಕ್ಯಾಂಪೊನೋಟಸ್ ಜಾತಿಯನ್ನು ಕೆಲವು ವಾರ 37 ಡಿಗ್ರಿಗೂ ಮೇಲಿಟ್ಟಾಗ ಈ ಬ್ಯಾಕ್ಟೀರಿಯಾ ಗಣನೀಯವಾಗಿ ಕುಸಿದದ್ದು ದಾಖಲಾಗಿದೆ. ನಮ್ಮ ಗೊದ್ದ ಉಷ್ಣವಲಯದ್ದು, ತುಸು ಹೆಚ್ಚೇ ತಾಳಬಹುದು. ಆದರೂ ಬೇಸಿಗೆ ಕಳೆದ ಮೇಲೆ ರಾಣಿ ಮೊಟ್ಟೆ ಇಡುತ್ತಿದ್ದೂ ಲಾರ್ವಾ ಬಡಕಲಾಗಿದ್ದರೆ ಈ ಕಾರಣವನ್ನು ಮರೆಯಬಾರದು. ಆಂಟಿಬಯೋಟಿಕ್ ಕೊಟ್ಟರೂ ಇದೇ ಗತಿ. ಬೂಸ್ಟು ಹೋಗಲಿ ಎಂದು ಮಾತ್ರೆ ಕರಗಿಸಿದ ನೀರು ತುಂಬುವುದು ಗೂಡಿನ ಬೇರಿಗೇ ಕೊಡಲಿ ಹಾಕಿದ ಹಾಗೆ.

ಗುರಿ ಇಷ್ಟು: ಮರಿಗಳಿರುವ ಜಾಗ 26ರಿಂದ 30 ಡಿಗ್ರಿ, 34 ದಾಟಬಾರದು. ವಯರ್ ಇರುವ ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಂದು ಅದರ ತುದಿಯನ್ನು ಟ್ಯೂಬಿಗೆ ತಾಗಿಸಿಡಿ. ಕೋಣೆಯ ಗೋಡೆಗೆ ತೂಗುಹಾಕಿದ್ದು ಸುಳ್ಳು ಹೇಳುತ್ತದೆ. ಜಾಗಕ್ಕೆ ಒಳಕೋಣೆಯ ಶಹಾಬಾದ್ ಫರಸಿ ನೆಲವೇ ಉತ್ತಮ, ಮಂಚದ ಕೆಳಗೆ, ಗೋಡೆಯ ಬುಡಕ್ಕೆ. ಹಳೆಯ ಮಣ್ಣಿನ ಮಾಳಿಗೆಯ ಮನೆಯಿದ್ದರೆ ಅರ್ಧ ಕೆಲಸ ಆದಂತೆ. ಅದಿಲ್ಲದವರು ದೊಡ್ಡ ಮಣ್ಣಿನ ಪಾತ್ರೆಯಲ್ಲಿ ನಾಲ್ಕು ಬೆರಳು ಮರಳು ಹಾಕಿ, ಅದರೊಳಗೆ ಚಿಕ್ಕ ಮಣ್ಣಿನ ಕುಡಿಕೆ ಇಟ್ಟು, ಸುತ್ತಲಿನ ಸಂದಿಗೂ ಮರಳು ತುಂಬಿ ದಿನಕ್ಕೆ ಎರಡು ಸಲ ನೀರುಣಿಸಿ. ಟ್ಯೂಬ್ ಒಳಕುಡಿಕೆಯಲ್ಲಿರಲಿ, ಮೇಲೆ ತೆಳು ಬಟ್ಟೆ ಸಾಕು. ಒಣ ಗಾಳಿಯ ಏಪ್ರಿಲ್, ಮೇನಲ್ಲಿ ಇದು ಕೆಲವು ಡಿಗ್ರಿ ಇಳಿಸುತ್ತದೆ. ಮಳೆಗಾಲದಲ್ಲಿ ನೀರು ಆರದ ಕಾರಣ ಉಪಯೋಗವಿಲ್ಲ, ಬೇಕಾಗುವುದೂ ಇಲ್ಲ. ಐಸ್ ಬಾಟಲಿ ಇಡಬೇಡಿ. ಥಟ್ಟನೆ ತಂಪಾದರೆ ಗಾಜಿನ ಒಳಮೈಗೆ ನೀರು ಬೆವರಿ ಮೊಟ್ಟೆಗಳು ಅಂಟಿಕೊಳ್ಳುತ್ತವೆ.

ಕೂಲರ್ ಇರುವ ಕೋಣೆ ತಂಪು, ಸರಿ. ಆದರೆ ಕೂಲರಿನ ಸ್ಟ್ಯಾಂಡ್, ಫ್ರಿಜ್, ಮಿಕ್ಸರ್ ಇರುವ ಕಟ್ಟೆ ಬೇಡ. ಗೊದ್ದ ಅಪಾಯದ ಸುದ್ದಿಯನ್ನು ನೆಲಕ್ಕೆ ಮೈಬಡಿದು ಕಂಪನದಲ್ಲೇ ಹೇಳುವ ಇರುವೆ. ಸದಾ ನಡುಗುವ ಜಾಗದಲ್ಲಿ ಅದಕ್ಕೆ ನೆಮ್ಮದಿ ಇರದು, ಮರಿ ಹೊತ್ತು ಅಲೆಯುತ್ತಲೇ ಇರುತ್ತದೆ.

ಬೀದರ್‌ನವರಿಗೆ ಒಂದು ಮಾತು: ಡಿಸೆಂಬರ್, ಜನವರಿಯಲ್ಲಿ ನಿಮ್ಮಲ್ಲಿ ಚಳಿ ಹೆಚ್ಚು. ಮೊಟ್ಟೆ ನಿಂತರೂ ಗಾಬರಿಯಾಗಬೇಡಿ, ಸಿಹಿ ನೀರು ತಪ್ಪಿಸಬೇಡಿ. ಬೆಚ್ಚಗೆ ಮಾಡಲೇಬೇಕೆಂದರೆ ಟ್ಯೂಬಿನ ಒಂದು ತುದಿಯನ್ನು ಮಾತ್ರ, ಅದೂ ನೀರಿಲ್ಲದ ತುದಿಯನ್ನು.

ಸಿಹಿ ದೊಡ್ಡವರಿಗೆ, ಹುಳ ಮರಿಗಳಿಗೆ

ಬೆಳೆದ ಇರುವೆ ಓಡಾಡುವುದು ಸಕ್ಕರೆಯ ಬಲದ ಮೇಲೆ. ಬಯಲಿನಲ್ಲಿ ಗಿಡಗಳ ಎಳೆ ಕುಡಿಗಳಲ್ಲಿ ಸಸ್ಯಹೇನು ಸುರಿಸುವ ಸಿಹಿ ಜಿಗಿಯನ್ನು ಗೊದ್ದ ನೆಕ್ಕುವುದನ್ನು ನೋಡಿರುತ್ತೀರಿ. ಮೈ ಬೆಳೆಸಬೇಕಾದದ್ದು ಲಾರ್ವಾ, ಅದಕ್ಕೆ ಪ್ರೋಟೀನ್. ಎರಡರಲ್ಲಿ ಒಂದು ಕೊರೆಯಾದರೂ ಗೂಡು ನಿಲ್ಲುತ್ತದೆ. ಆರಂಭದಲ್ಲಿ ಹೆಚ್ಚಿನವರು ಎಡವುವುದು ಪ್ರೋಟೀನಿನಲ್ಲಿ, ಸಕ್ಕರೆ ನೀರು ಕೊಡುವುದು ಸುಲಭ ನೋಡಿ.

ಸಕ್ಕರೆ 1 ಚಮಚ, ನೀರು 4 ಚಮಚ. ಇದರ ಒಂದೆರಡು ಹನಿಯನ್ನು ಚಿಕ್ಕ ಹತ್ತಿ ಉಂಡೆಗೆ ಹೀರಿಸಿ ಫಾಯಿಲ್ ಚೂರಿನ ಮೇಲಿಡಿ. ಬರಿ ಹನಿ ಇಟ್ಟರೆ ಕುಳ್ಳ ಇರುವೆಗಳು ಅದರಲ್ಲೇ ಸಿಕ್ಕಿಬೀಳುತ್ತವೆ. ಬೇಸಿಗೆಯಲ್ಲಿ ದಿನದೊಳಗೆ ಹುಳಿಯುತ್ತದೆ, ಮರುದಿನ ತೆಗೆಯಲೇಬೇಕು. ವಾರಕ್ಕೆ ಮೂರು ಸಲ ಸಾಕು.

ಪ್ರೋಟೀನ್ ವಾರಕ್ಕೆ ಎರಡು ಸಲ. ಹತ್ತು ಇರುವೆಗೆ ಅರ್ಧ ನೊಣದಷ್ಟು, ಐವತ್ತಕ್ಕೆ ಒಂದು ಜಿರಳೆ ಮರಿ ಅಥವಾ ಎರಡು ಸಣ್ಣ ಮಿಡತೆ. ಕೊಡುವ ಮುನ್ನ ಬ್ಲೇಡಿನಿಂದ ಹೊಟ್ಟೆ ಸೀಳಿ. ಗಟ್ಟಿ ಕವಚ ಒಡೆಯುವ ದೊಡ್ಡ ತಲೆಯ ಕೆಲಸಗಾರರು ಚಿಕ್ಕ ಗೂಡಿನಲ್ಲಿ ಇರುವುದಿಲ್ಲ, ಹುಳ ಇದ್ದೂ ಮರಿಗಳು ಉಪವಾಸ ಬೀಳುತ್ತವೆ. ಮಳೆಗಾಲದ ಸಂಜೆ ದೀಪಕ್ಕೆ ಮುತ್ತುವ ಮಳೆಹುಳ, ಅಂದರೆ ರೆಕ್ಕೆ ಬಂದ ಗೆದ್ದಲು, ಮೆತ್ತಗೆ, ಕೊಬ್ಬು ತುಂಬಿದ್ದು. ಒಂದು ಸಂಜೆಯಲ್ಲಿ ಹಿಡಿದದ್ದನ್ನು ರೆಕ್ಕೆ ಉದುರಿಸಿ ಚಿಕ್ಕ ಪೊಟ್ಟಣಗಳಲ್ಲಿ ಫ್ರೀಜರಿಗೆ ಹಾಕಿದರೆ ತಿಂಗಳುಗಟ್ಟಲೆ ಬರುತ್ತದೆ. ಹಿಡಿದ ಯಾವ ಹುಳವನ್ನೂ ಎರಡು ದಿನ ಫ್ರೀಜರಿನಲ್ಲಿಡದೆ ಕೊಡಬಾರದು, ಅದರ ಮೈಮೇಲಿನ ನುಸಿ ಗೂಡಿಗೆ ಹತ್ತುತ್ತದೆ. ಏನೂ ಸಿಗದ ದಿನ ಬೇಯಿಸಿದ ಮೊಟ್ಟೆ ಸಾಸಿವೆ ಕಾಳಿನಷ್ಟು, ಉಪ್ಪಿಲ್ಲದೆ. ಉಳಿದದ್ದನ್ನು 24 ಗಂಟೆಯೊಳಗೆ ಹೊರಗೆ ತೆಗೆಯಿರಿ.

ವಿಷದ ವಿಚಾರಕ್ಕೆ ಇನ್ನಷ್ಟು ಎಚ್ಚರ ಬೇಕು, ಇಲ್ಲಿ ಗೂಡುಗಳು ಒಂದೇ ರಾತ್ರಿಯಲ್ಲಿ ಸಾಯುವುದಕ್ಕೆ ಇದೇ ದೊಡ್ಡ ಕಾರಣ. ತೊಗರಿ ಹೂ ಬಿಡುವ ಕಾಲದಿಂದ ಕಾಯಿಕೊರಕಕ್ಕೆ ಔಷಧಿ ಹೊಡೆಯುತ್ತಾರೆ. ಹೊಲದ ಹಸಿರು ಹುಳ ಎಷ್ಟೇ ದಷ್ಟಪುಷ್ಟವಾಗಿದ್ದರೂ ತರಬೇಡಿ. ಮನೆಯ ಜೋಳದ ಚೀಲದ ಹುಳವೂ ಬೇಡ, ಚೀಲಕ್ಕೆ ಮಾತ್ರೆ ಹಾಕಿರುತ್ತಾರೆ. ಔಷಧಿ ಹೊಡೆದ ಅಡುಗೆಮನೆಯ ಜಿರಳೆಯೂ ಹಾಗೇ. ಸೊಳ್ಳೆ ಬತ್ತಿ, ಪ್ಲಗ್ಗಿಗೆ ಹಾಕುವ ಸೊಳ್ಳೆ ದ್ರವ ಇವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೊಳ್ಳೆಗೂ ಇರುವೆಗೂ ಭೇದ ಮಾಡುವುದಿಲ್ಲ. ಗೂಡಿರುವ ಕೋಣೆಗೆ ಸೊಳ್ಳೆ ಪರದೆಯೇ ಗತಿ.

ಟ್ಯೂಬ್, ನೀರು, ಗೂಡು

ಲ್ಯಾಬ್ ಸಾಮಾನಿನ ಅಂಗಡಿಯ 16 ಮಿಮೀ ಅಗಲ, 150 ಮಿಮೀ ಉದ್ದದ ಟ್ಯೂಬ್ ಸಾಕು. ಮೂರನೇ ಒಂದು ಭಾಗ ನೀರು ತುಂಬಿ ಹತ್ತಿಯನ್ನು ನೀರಿಗೆ ತಾಗುವಂತೆ ಒತ್ತಿ. ಇಲ್ಲಿ ಗಮನಿಸಬೇಕಾದದ್ದು, ಹತ್ತಿಯ ಹಿಂದೆ ಗಾಳಿಗುಳ್ಳೆ ಉಳಿಯಬಾರದು. ಮಧ್ಯಾಹ್ನ ಕಾದಾಗ ಆ ಗಾಳಿ ಹಿಗ್ಗಿ ನೀರನ್ನು ಹತ್ತಿಯಿಂದಾಚೆ ತಳ್ಳುತ್ತದೆ, ಮರಿಗಳು ಮುಳುಗುತ್ತವೆ. ನಮ್ಮ ಕಡೆಯ ಬೋರ್ ನೀರು ಗಡಸು, ಹತ್ತಿಯ ಮೇಲೆ ಬಿಳಿ ಪದರ ಕಟ್ಟಿ ನೀರು ಹಾಯದಂತೆ ಮಾಡುತ್ತದೆ. ಆರ್‌ಒ ನೀರು ಬಳಸಿ. ಹತ್ತಿ ಹಳದಿಯಾಗಿ ತುಸು ಬೂಸ್ಟು ಹಿಡಿದರೆ ತೊಂದರೆಯಿಲ್ಲ. ನೀರು ಮುಗಿಯುತ್ತ ಬಂದಾಗ ಹೊಸ ಟ್ಯೂಬನ್ನು ಬಾಯಿಗೆ ಬಾಯಿ ಕೂಡಿಸಿ, ಹೊಸದಕ್ಕೆ ಕತ್ತಲೆ, ಹಳೆಯದಕ್ಕೆ ಬೆಳಕು ಕೊಡಿ. ತಾವೇ ದಾಟುತ್ತವೆ, ಒಮ್ಮೊಮ್ಮೆ ವಾರ ಹಿಡಿಯಬಹುದು.

ಕೊಡವಿ ಹಾಕಲು ಹೋಗಬೇಡಿ. ಗೊದ್ದ ಹೆದರಿದಾಗ ಫಾರ್ಮಿಕ್ ಆಮ್ಲ ಚಿಮ್ಮುತ್ತದೆ, ಬಿಗಿಯಾಗಿ ಮುಚ್ಚಿದ ಟ್ಯೂಬಿನಲ್ಲಿ ಆ ಆವಿ ಅವನ್ನೇ ಕೊಲ್ಲುತ್ತದೆ.

ಟ್ಯೂಬಿನೊಳಗೆ ತೊಳೆದು ಒಣಗಿಸಿದ ಒಂದು ಚಿಟಿಕೆ ಮರಳು ಹಾಕಿ. ಲಾರ್ವಾ ತನ್ನ ಸುತ್ತ ರೇಷ್ಮೆ ಹೆಣೆಯುವಾಗ ಹಿಡಿತಕ್ಕೆ ಕಾಳು ಬೇಕು, ನುಣುಪು ಗಾಜಿನ ಮೇಲೆ ನೂಲು ನಿಲ್ಲುವುದಿಲ್ಲ. ಕೆಲಸಗಾರರು ಲಾರ್ವಾದ ಮೇಲೆ ಮರಳು ಪೇರಿಸಿ, ಹೆಣೆದು ಮುಗಿದ ಮೇಲೆ ಒಂದೊಂದೇ ಕಾಳು ಕಿತ್ತು ಶುಚಿ ಮಾಡುವುದು ನೋಡುವಂಥದ್ದು. ಕಂದು ಕೋಶದ ಒಂದು ತುದಿಯಲ್ಲಿ ಕಾಣುವ ಕಪ್ಪು ಚುಕ್ಕೆ ರೋಗವಲ್ಲ, ಲಾರ್ವಾ ಒಮ್ಮೆಲೇ ಹೊರಹಾಕಿದ ಮಲ. ದಿನ ತುಂಬಿದಾಗ ಅಕ್ಕಂದಿರು ದವಡೆಯಿಂದ ತುದಿ ಕತ್ತರಿಸಿ, ಕಾಲು ಮಡಚಿಕೊಂಡ ಮಾಸಲು ಬಣ್ಣದ ಹೊಸ ಇರುವೆಯನ್ನು ಹೊರಗೆಳೆಯುತ್ತವೆ. ಅವು ಎಳೆಯದಿದ್ದರೆ ಎಷ್ಟೋ ಸಲ ಅದು ಒಳಗೇ ಸಾಯುತ್ತದೆ. ಮೂರು ನಾಲ್ಕು ಕೆಲಸಗಾರರಷ್ಟೇ ಉಳಿದ ಗೂಡನ್ನು ಆದಷ್ಟು ಕದಲಿಸದಿರುವುದು ಇದಕ್ಕಾಗಿಯೇ.

ದೊಡ್ಡ ಗೂಡಿಗೆ ಅವಸರ ಬೇಡ. 40–50 ಇರುವೆ ಆಗುವವರೆಗೆ ಟ್ಯೂಬೇ ಮನೆ, ಒಂದು ಊಟದ ಡಬ್ಬಿಯೇ ಓಡಾಡುವ ಅಂಗಳ. ಖಾಲಿ ಕೋಣೆಗಳನ್ನು ಅವು ಕಸದ ಗುಂಡಿ ಮಾಡುತ್ತವೆ. ಆಮೇಲೆ ಮನೆ ಕಟ್ಟುವ ಕಡೆ ಸಿಗುವ ಎಎಸಿ ಬ್ಲಾಕಿನ (ಹಗುರ ಸಿಮೆಂಟ್ ಇಟ್ಟಿಗೆಯ) ತುಂಡಿನಲ್ಲಿ ಸ್ಕ್ರೂಡ್ರೈವರಿನಿಂದ 12 ಮಿಮೀ ಆಳದ ಕೋಣೆಗಳನ್ನು ಕೊರೆದು, ಮೇಲೆ ಗಾಜು ಮುಚ್ಚಿ, ಒಂದು ತುದಿಗೆ ಮಾತ್ರ ನೀರುಣಿಸಿ. ಒದ್ದೆ ಬದಿ, ಒಣ ಬದಿ ಎರಡೂ ಇದ್ದರೆ ಮೊಟ್ಟೆ ಎಲ್ಲಿ, ಕೋಶ ಎಲ್ಲಿ ಎಂದು ಅವೇ ತೀರ್ಮಾನಿಸುತ್ತವೆ. ಎರೆ ಮಣ್ಣು ತುಂಬಿದ ಗಾಜಿನ ಪೆಟ್ಟಿಗೆ ಮಾತ್ರ ಬೇಡವೇ ಬೇಡ, ಒಣಗಿದಾಗ ಬಿರಿದು ಕೋಣೆಗಳು ಕುಸಿಯುತ್ತವೆ. ಡಬ್ಬಿಯ ಅಂಚಿಗೆ ಟಾಲ್ಕಮ್ ಪೌಡರನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಕಲಸಿ ಎರಡು ಬೆರಳಗಲ ಬಳಿದು ಒಣಗಿಸಿದರೆ ಇರುವೆ ಹತ್ತದು. ಜುಲೈ, ಆಗಸ್ಟ್‌ನ ತೇವಕ್ಕೆ ಅದು ಸೋಲುತ್ತದೆ, ಆಗ ವಾರಕ್ಕೊಮ್ಮೆ ಬಳಿಯಬೇಕು. ಹೊರಗಿನ ಸಣ್ಣ ಕೆಂಪಿರುವೆ ನುಗ್ಗದಂತೆ ಡಬ್ಬಿಯನ್ನು ಸೋಪಿನ ನೀರಿನ ತಟ್ಟೆಯ ನಡುವೆ ಎತ್ತರಿಸಿಡಿ.

ಕೋಶ ಕೊಟ್ಟು ಗೂಡು ಏರಿಸುವುದು

ಮೇಲಿನದೆಲ್ಲ ಸರಿಯಿದ್ದೂ ಐದಾರು ಇರುವೆಯಲ್ಲೇ ನಿಂತ ಗೂಡಿಗೆ ಬೇರೆ ಗೂಡಿನ ಕೋಶ ಕೊಡಬಹುದು. ಅದೇ ಜಾತಿಯದೇ ಆಗಿರಬೇಕು. ಬೆಳೆದ ಇರುವೆಯನ್ನು ಸೇರಿಸಿದರೆ ಕಡಿದಾಟ, ಕೋಶಕ್ಕೆ ಮಾತ್ರ ಇನ್ನೂ ಗೂಡಿನ ವಾಸನೆ ಅಷ್ಟಾಗಿ ಅಂಟಿರುವುದಿಲ್ಲ. ಸಾಕುವ ಗೆಳೆಯರ ಗಟ್ಟಿ ಗೂಡಿನಿಂದ ಪಡೆಯಿರಿ, ಬಯಲಿನ ಗೂಡು ಅಗೆದರೆ ನುಸಿಯೂ ಜೊತೆಗೆ ಬರುತ್ತದೆ. ಮೊದಲ ದಿನ ಎರಡೇ ಕೋಶ, ಅಂಗಳದ ಡಬ್ಬಿಯಲ್ಲಿ ಟ್ಯೂಬಿನ ಬಾಯಿಯ ಬಳಿ ಇಡಿ. ಒಳಗೆ ಹೊತ್ತೊಯ್ದರೆ ಎರಡು ದಿನ ಬಿಟ್ಟು ಇನ್ನು ನಾಲ್ಕು. ಹರಿದು ತಿಂದರೆ ಗೂಡಿಗೆ ಪ್ರೋಟೀನ್ ಹಸಿವಿದೆ. ಅಂಥ ಗೂಡಿಗೆ ಮೊದಲು ಎರಡು ವಾರ ಹುಳ ಉಣಿಸಿ, ಆಮೇಲೆ ಮತ್ತೆ ಎರಡು ಕೋಶ ಇಟ್ಟು ನೋಡಿ.