ಮೀಟರ್ ಹಾಕುವಾಗ ಒಮ್ಮೆ ನೋಡಿದ್ದಾರಲ್ಲ, ಹೋಟೆಲ್ ವೈರಿಂಗ್ ಮತ್ತೆ ಚೆಕ್ ಮಾಡಿಸಬೇಕಾ?

ಓದುಗರ ಪ್ರಶ್ನೆ: ಹಳೇ ದಾವಣಗೆರೆಯಲ್ಲಿ ಬಾಡಿಗೆ ಕಟ್ಟಡದಲ್ಲಿ ನಮ್ಮದೊಂದು ಬೆಣ್ಣೆ ದೋಸೆ ಹೋಟೆಲ್ ಇದೆ. ಕನೆಕ್ಷನ್ ತಗೊಂಡಾಗ ಬೆಸ್ಕಾಂನವರು ಬಂದು ನೋಡಿಯೇ ಮೀಟರ್ ಹಾಕಿದ್ದರು. ಈಗ ಇನ್ಶೂರೆನ್ಸ್ ರಿನ್ಯೂವಲ್‌ಗೆ ಹೋದರೆ ಎಲೆಕ್ಟ್ರಿಕಲ್ ಸೇಫ್ಟಿ ರಿಪೋರ್ಟ್ ಕೇಳುತ್ತಿದ್ದಾರೆ. ಎಂಸಿಬಿ (ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗಿ ಬೀಳುವ ಸ್ವಿಚ್) ಎಲ್ಲಾ ಇದೆ, ಇವತ್ತಿನವರೆಗೆ ದೊಡ್ಡ ತೊಂದರೆ ಏನೂ ಆಗಿಲ್ಲ. ಗ್ರೈಂಡರ್ ಮುಟ್ಟಿದರೆ ಆಗಾಗ ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ. ಮತ್ತೆ ತಪಾಸಣೆ ಬೇಕಾ? ಯಾರ ಹತ್ತಿರ ಮಾಡಿಸಬೇಕು?

ಉತ್ತರ: ಬೇಕು. ಇನ್ಶೂರೆನ್ಸ್‌ನವರು ಕೇಳದಿದ್ದರೂ ಬೇಕಿತ್ತು. ಪತ್ರದ ಕೊನೆಗೆ ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಲ್ಲ, ಗ್ರೈಂಡರ್ ಜುಮ್ ಅನ್ನುತ್ತೆ ಅಂತ, ನಿಮ್ಮ ಪತ್ರದಲ್ಲಿ ಮುಖ್ಯವಾದ ಸಾಲು ಅದೇ. ಮಿಕ್ಕಿದ್ದು ಓದುವ ಮೊದಲು ಆ ಗ್ರೈಂಡರ್ ಪ್ಲಗ್ ಕಿತ್ತಿಡಿ. ಇವತ್ತಿನ ಹಿಟ್ಟು ಬೇರೆ ಎಲ್ಲಾದರೂ ರುಬ್ಬಿಸಿಕೊಳ್ಳಿ.

ಬೆಸ್ಕಾಂ ವಿಷಯ ಮೊದಲು ಮುಗಿಸೋಣ. ಕಂಬದಿಂದ ಮೀಟರ್ ತನಕ ಅವರ ಜವಾಬ್ದಾರಿ. ಅಲ್ಲಿಂದ ಒಳಗಿನ ವೈರಿಂಗ್, ಬೋರ್ಡು, ಅರ್ತಿಂಗ್ (ಸೋರಿದ ಕರೆಂಟನ್ನು ಹೂತಿಟ್ಟ ಪೈಪಿನ ಮೂಲಕ ನೆಲಕ್ಕೆ ಇಳಿಸುವ ವ್ಯವಸ್ಥೆ) ಎಲ್ಲಾ ಗ್ರಾಹಕರದ್ದು. ಅವರು ಬಂದು ನೋಡಿದ್ದು ಆ ದಿನದ ಹೋಟೆಲನ್ನು. ಆಮೇಲೆ ಒಂದು ಡೀಪ್ ಫ್ರೀಜರ್ ಬಂತು, ಎರಡನೇ ಗ್ರೈಂಡರ್ ಬಂತು, ಫ್ಯಾಮಿಲಿ ರೂಮಿಗೆ ಎಸಿ ಬಂತು. ವೈರ್ ಮಾತ್ರ ಅದೇ ಹಳೇದು. ವೈರಿನಲ್ಲಿ ಹರಿಯುವ ಕರೆಂಟ್ ಎರಡು ಪಟ್ಟಾದರೆ ಅದರ ಬಿಸಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಬಿಲ್ ತೆಗೆದು, ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನೋಡಿ. ಈಗಿರುವ ಮಷೀನುಗಳ ವ್ಯಾಟ್ ಎಲ್ಲಾ ಕೂಡಿಸಿ. ಲೆಕ್ಕ ತಾಳೆಯಾಗದಿದ್ದರೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕಿ. ಲೋಡ್ ಮುಚ್ಚಿಟ್ಟು ಉಳಿಸುವ ದುಡ್ಡು ದೊಡ್ಡದೇನಲ್ಲ.

ಕಾನೂನು ಏನು ಹೇಳುತ್ತೆ? 2003ರ ವಿದ್ಯುತ್ ಕಾಯ್ದೆಯ ಅಡಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಸುರಕ್ಷತಾ ನಿಯಮ ಮಾಡಿದೆ. 2010ರ ನಿಯಮಾವಳಿ ಹೋಗಿ ಈಗ 2023ರದ್ದು ಬಂದಿದೆ. ಒಮ್ಮೆ ಕನೆಕ್ಷನ್ ಕೊಟ್ಟರೆ ಮುಗಿಯಿತು ಅಂತ ಇದರಲ್ಲಿ ಎಲ್ಲೂ ಇಲ್ಲ. ಇಂತಿಷ್ಟು ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು, 2010ರಲ್ಲಿ ಹಾಕಿದ್ದ ಗರಿಷ್ಠ ಗಡುವು 5 ವರ್ಷ. ನನ್ನನ್ನು ಕೇಳಿದರೆ ಹೋಟೆಲ್ ಅಡುಗೆಮನೆಗೆ 5 ವರ್ಷ ತೀರಾ ಜಾಸ್ತಿ. ಬಟ್ಟೆ ಅಂಗಡಿಗೆ ನಡೆದೀತು. ನೀರು, ಹಬೆ, ಹೊಗೆ, ಬೆಣ್ಣೆ ಜಿಡ್ಡು ಎಲ್ಲಾ ಇರುವ ಕಡೆ ವರ್ಷಕ್ಕೊಮ್ಮೆ ಮಾಡಿಸಿ.

ಯಾರು ಮಾಡಬೇಕು ಅನ್ನುವುದು ಕಟ್ಟಡದ ಮೇಲೆ ಹೋಗುತ್ತೆ. ಸ್ವಂತ ಟ್ರಾನ್ಸ್‌ಫಾರ್ಮರ್ ಇಟ್ಟು 11 ಕೆವಿ ತಗೊಳ್ಳುವ ಮಾಲ್, ಆಸ್ಪತ್ರೆ, ಮಿಲ್‌ಗಳಿಗೆ ರಾಜ್ಯ ಸರ್ಕಾರದ ವಿದ್ಯುತ್ ಪರಿವೀಕ್ಷಣಾಲಯ ಇದೆ. ಇದು ಬೆಸ್ಕಾಂನಿಂದ ಬೇರೆ ಇಲಾಖೆ, ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಲಿಫ್ಟ್ ಲೈಸೆನ್ಸ್ ನೋಡುವುದೂ ಇವರೇ. ಕಲ್ಯಾಣ ಮಂಟಪ, ಸಿನಿಮಾ ಟಾಕೀಸಿನ ಹಾಗೆ 100 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಜಾಗವಾದರೆ, ಕರೆಂಟ್ ಬಳಸಲು ಶುರು ಮಾಡುವುದಕ್ಕೆ ಕನಿಷ್ಠ 7 ದಿನ ಮುಂಚೆ ಪರಿವೀಕ್ಷಕರಿಗೆ ಲಿಖಿತವಾಗಿ ತಿಳಿಸಬೇಕು ಅಂತ ಕಾಯ್ದೆಯಲ್ಲೇ ಇದೆ. ನಿಮ್ಮಂಥ ಸಣ್ಣ ಹೋಟೆಲಿಗೆ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಸಾಕು. ಅವರ ಸೂಪರ್‌ವೈಸರ್ ಪರ್ಮಿಟ್ ಚಾಲ್ತಿಯಲ್ಲಿದೆಯಾ ನೋಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಪರಿಚಯದ ಹುಡುಗ ಚೆನ್ನಾಗಿ ಕೆಲಸ ಮಾಡಬಹುದು, ಆದರೆ ಅವನ ಸಹಿಗೆ ಬೆಲೆ ಇಲ್ಲ.

ಇನ್ನು ಎಂಸಿಬಿ. ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲೇ. ಎಂಸಿಬಿ ಇರುವುದು ವೈರ್ ಸುಡದಿರಲಿ ಅಂತ. ಮನುಷ್ಯನನ್ನು ಉಳಿಸುವುದು ಅದರ ಕೆಲಸ ಅಲ್ಲ. ನಿಮ್ಮ ಗ್ರೈಂಡರನ್ನೇ ತಗೊಳ್ಳೋಣ. ಮೋಟಾರಿನ ಒಳಗೆ ಫೇಸ್ ವೈರಿನ ಸಿಪ್ಪೆ ಸವೆದು ಅದು ಗ್ರೈಂಡರಿನ ಲೋಹದ ಮೈಗೆ ತಾಗಿತು ಅನ್ನಿ. ಅರ್ತಿಂಗ್ ಚೆನ್ನಾಗಿದ್ದು ಅದರ ರೆಸಿಸ್ಟೆನ್ಸ್ (ಕರೆಂಟ್ ಹರಿಯಲು ಇರುವ ತಡೆ) 5 ಓಮ್ ಬರುತ್ತಿದ್ದರೆ, 230 ವೋಲ್ಟನ್ನು 5ರಿಂದ ಭಾಗಿಸಿ: 46 ಆಂಪ್ಸ್ ನೆಲಕ್ಕೆ ಹರಿಯುತ್ತದೆ. ಅಂಗಡಿಗಳಲ್ಲಿ ಸಾಮಾನ್ಯವಾಗಿ ಹಾಕುವ 16 ಆಂಪ್ಸ್ ಸಿ ಟೈಪ್ ಎಂಸಿಬಿ ತಕ್ಷಣ ಬೀಳಬೇಕೆಂದರೆ ಕನಿಷ್ಠ 80 ಆಂಪ್ಸ್ ದಾಟಬೇಕು. 46ಕ್ಕೆ ಅದು ಬಿಸಿಯಾಗಿ, ಸ್ವಲ್ಪ ಹೊತ್ತು ತಗೊಂಡು ಬೀಳುತ್ತದೆ. ಅದೇ ಅರ್ತಿಂಗ್ ಕೆಟ್ಟು 40 ಓಮ್ ಆಗಿದ್ದರೆ? 6 ಆಂಪ್ಸ್ ಕೂಡ ಹರಿಯುವುದಿಲ್ಲ. ಎಂಸಿಬಿಗೆ ಏನೂ ಗೊತ್ತಾಗುವುದಿಲ್ಲ, ಗ್ರೈಂಡರ್ ಬಾಡಿ ಕರೆಂಟ್ ಹಿಡಿದು ನಿಂತೇ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಕಡೆಯ ಅರ್ತಿಂಗ್ ರೆಸಿಸ್ಟೆನ್ಸ್ ಬಿಟ್ಟು ಈ ಲೆಕ್ಕ ಹಾಕಿದ್ದೇನೆ, ಅದನ್ನೂ ಸೇರಿಸಿದರೆ ಇನ್ನೂ ಕಡಿಮೆ. ಸುಮಾರು 10 ಮಿಲಿ ಆಂಪ್ಸ್ ಮೈಯಲ್ಲಿ ಹರಿದರೆ ಸಾಕು, ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. ಮಿಲಿ ಆಂಪ್ಸ್ ಅಂದರೆ ಆಂಪ್ಸಿನ ಸಾವಿರದ ಒಂದು ಭಾಗ. ರುಬ್ಬುವವರು ನಿಂತಿರುವುದು ಒದ್ದೆ ನೆಲದ ಮೇಲೆ, ಎಷ್ಟೋ ಸಲ ಬರಿಗಾಲಲ್ಲಿ.

ಇದಕ್ಕೆ ಬೇಕಿರುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. ಎಲ್ಲೋ ಸೋರಿ ಕಡಿಮೆ ಬಂದರೆ ಕಡಿದುಬಿಡುತ್ತದೆ. ಅಡುಗೆಮನೆಯ ಸಾಕೆಟ್‌ಗಳಿಗೆ 30 ಮಿಲಿ ಆಂಪ್ಸಿನದ್ದು ಹಾಕಿಸಿ. ಇಡೀ ಹೋಟೆಲಿಗೆ ಒಂದೇ ಹಾಕಿದರೆ, ಗ್ರೈಂಡರ್ ತಪ್ಪಿಗೆ ಕ್ಯಾಶ್ ಕೌಂಟರಿನ ದೀಪವೂ ಹೋಗುತ್ತದೆ. ಎರಡು ಮೂರು ಭಾಗ ಮಾಡಿಸಿ. ಅದರ ಮೇಲೆ 'ಟಿ' ಅಂತ ಒಂದು ಬಟನ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಒತ್ತಿ, ಬಿದ್ದರೆ ಸರಿ ಇದೆ ಅಂತ. ಬೀಳದಿದ್ದರೆ ಬದಲಾಯಿಸಿ.

ಅರ್ತಿಂಗ್ ಬಗ್ಗೆ ನಮ್ಮ ಕಡೆಯ ಒಂದು ಮಾತು ಹೇಳಬೇಕು. ದಾವಣಗೆರೆ ಸುತ್ತ ಎರೆ ಮಣ್ಣು ಜಾಸ್ತಿ. ಮಳೆಗಾಲದಲ್ಲಿ ತೇವ ಹಿಡಿದುಕೊಂಡಿರುತ್ತದೆ, ಅಳತೆ ಚೆನ್ನಾಗಿ ಬರುತ್ತದೆ. ಏಪ್ರಿಲ್ ಹೊತ್ತಿಗೆ ಅದೇ ಮಣ್ಣು ಬಿರುಕು ಬಿಟ್ಟು ಪೈಪಿನಿಂದ ದೂರ ಸರಿದಿರುತ್ತದೆ. ಆಗಸ್ಟಿನ ರಿಪೋರ್ಟ್ ತೋರಿಸಿ ನಿಶ್ಚಿಂತೆಯಾಗಿರಬೇಡಿ, ಬೇಸಿಗೆಯಲ್ಲಿ ಅಳೆಸಿ. ಅತ್ತ ಚಿತ್ರದುರ್ಗದಲ್ಲಿ ಕಷ್ಟ ಇನ್ನೊಂದು ಥರ. ಮೂರಡಿ ಅಗೆದರೆ ಬಂಡೆ. ಪೈಪ್ ಅರ್ತಿಂಗಿಗೆ ಪೈಪು ಕನಿಷ್ಠ ಎರಡೂವರೆ ಮೀಟರ್ ಇರಬೇಕು ಅಂತ ಅರ್ತಿಂಗ್ ಬಗೆಗಿನ ಭಾರತೀಯ ಮಾನಕ ಐಎಸ್ 3043 ಹೇಳುತ್ತದೆ. ಬಂಡೆ ಸಿಕ್ಕಿತು ಅಂತ ಪೈಪನ್ನೇ ಕತ್ತರಿಸಿ, ಮೇಲೆ ಸಿಮೆಂಟ್ ಮುಚ್ಚಿ ದುಡ್ಡು ಎಣಿಸಿಕೊಂಡು ಹೋಗುವವರಿದ್ದಾರೆ. ಹಾಗೆ ಮಾಡಬೇಕಾಗಿಯೇ ಇಲ್ಲ. ಪೈಪನ್ನು 30 ಡಿಗ್ರಿಯವರೆಗೆ ಓರೆಯಾಗಿ ಇಳಿಸಬಹುದು ಅಂತ ಅದೇ ಪುಸ್ತಕದಲ್ಲಿ ದಾರಿಯೂ ಇದೆ. ಇನ್ನೊಂದು ಗುಂಡಿ ತೆಗೆದು ಎರಡನ್ನೂ ಜೋಡಿಸಬಹುದು. ನಿಮ್ಮ ಅರ್ತ್ ಗುಂಡಿ ಎಲ್ಲಿದೆ ಅಂತ ನಿಮಗೆ ಗೊತ್ತಾ? ಬಾಡಿಗೆ ಕಟ್ಟಡಗಳಲ್ಲಿ ಬಹಳ ಸಲ ಅದರ ಮೇಲೆ ಟೈಲ್ಸ್ ಬಿದ್ದಿರುತ್ತದೆ. ಓನರ್ ಹತ್ತಿರ ಕೇಳಿ ಹುಡುಕಿಸಿ, ಮುಚ್ಚಳ ತೆಗೆದು ನೀರು ಹಾಕುವ ಹಾಗಿರಬೇಕು.

ತಪಾಸಣೆಗೆ ಬಂದವರು ಬೋರ್ಡ್ ನೋಡಿ, ಟೀ ಕುಡಿದು, 'ಎಲ್ಲಾ ಓಕೆ' ಅಂತ ಸೀಲ್ ಹೊಡೆದು ಹೋದರೆ ಅದು ತಪಾಸಣೆ ಅಲ್ಲ. ಮೆಗ್ಗರ್ ತಂದಿದ್ದಾರಾ ನೋಡಿ. ಅದರಲ್ಲಿ 500 ವೋಲ್ಟ್ ಡಿಸಿ ಕೊಟ್ಟು ವೈರಿನ ಇನ್ಸುಲೇಷನ್ ಅಳೆಯುತ್ತಾರೆ. ಕನಿಷ್ಠ 1 ಮೆಗಾ ಓಮ್ ಬರಬೇಕು, ಹೊಸ ವೈರಿಂಗ್ ಆದರೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತದೆ. ಇದಕ್ಕೆ ಮೇನ್ ಆಫ್ ಮಾಡಬೇಕು, ಇನ್ವರ್ಟರ್ ಇದ್ದರೆ ಅದನ್ನೂ. ಬಿಲ್ಲಿಂಗ್ ಮಷೀನ್, ಎಲ್‌ಇಡಿ ದೀಪ, ಫ್ರೀಜರ್ ಪ್ಲಗ್ ಎಲ್ಲಾ ತೆಗೆದಿರಬೇಕು, ಇಲ್ಲದಿದ್ದರೆ ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟೀತು. ಹಾಗಾಗಿ ಮಧ್ಯಾಹ್ನ ಊಟದ ಗಲಾಟೆ ಮುಗಿದು ಸಂಜೆ ದೋಸೆ ಶುರುವಾಗುವ ಮುಂಚಿನ ಹೊತ್ತು ಗೊತ್ತು ಮಾಡಿ. ಅರ್ತ್ ಟೆಸ್ಟರ್ ಅಂದರೆ ಅಂಗಳದಲ್ಲಿ ದೂರ ದೂರ ಎರಡು ಕಬ್ಬಿಣದ ಗೂಟ ಹೊಡೆದು ಅಳೆಯುವುದು. ಆರ್‌ಸಿಸಿಬಿ ಎಷ್ಟು ಮಿಲಿ ಸೆಕೆಂಡಿಗೆ ಬೀಳುತ್ತೆ ಅಂತಲೂ ಮೀಟರಿನಲ್ಲಿ ನೋಡಬೇಕು, 300 ಮೀರಬಾರದು.

ಮೀಟರ್ ಇಲ್ಲದೆ ನೀವೇ ಕಂಡುಹಿಡಿಯಬಹುದಾದವೂ ಇವೆ. ಗ್ರೈಂಡರಿನ ತ್ರೀ ಪಿನ್ ಪ್ಲಗ್ ಕೈಗೆತ್ತಿಕೊಳ್ಳಿ. ದಪ್ಪ ಪಿನ್ ಇದೆಯಾ? ಎರಡು ಪಿನ್ನಿನ ಬೋರ್ಡಿಗೆ ಹೊಂದಲಿ ಅಂತ ಅದನ್ನು ಮುರಿದಿರುತ್ತಾರೆ. ಅಲ್ಲಿಗೆ ಅರ್ತಿಂಗ್ ಮುಗಿಯಿತು, ಗುಂಡಿ ಎಷ್ಟು ಚೆನ್ನಾಗಿದ್ದರೂ ಉಪಯೋಗ ಇಲ್ಲ. ಪ್ಲಗ್ಗಿನ ಬಿಳಿ ಪ್ಲಾಸ್ಟಿಕ್ ಒಂದು ಪಿನ್ನಿನ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ಲೂಸ್ ಕಾಂಟ್ಯಾಕ್ಟ್. ಅಂಗಡಿಗಳಲ್ಲಿ ಬೆಂಕಿ ಶುರುವಾಗುವುದು ಬಹಳ ಸಲ ಇಂಥ ಸಡಿಲ ಜಾಯಿಂಟಿನಿಂದ. ಕರೆಂಟ್ ಮಿತಿಯಲ್ಲೇ ಇರುತ್ತದೆ, ಎಂಸಿಬಿ ಬೀಳುವುದಿಲ್ಲ, ಸ್ಕ್ರೂ ಹತ್ತಿರ ಮಾತ್ರ ಕಾಯುತ್ತಾ ಹೋಗುತ್ತದೆ.

ಜನರೇಟರ್ ಇದ್ದರೆ ಚೇಂಜ್ ಓವರ್ ಸ್ವಿಚ್ (ಲೈನ್ ಇಲ್ಲವೇ ಜನರೇಟರ್, ಒಂದು ಸಲಕ್ಕೆ ಒಂದನ್ನೇ ಜೋಡಿಸುವ ಸ್ವಿಚ್) ಕಡ್ಡಾಯ. ಅದಿಲ್ಲದೆ ಜೋಡಿಸಿದರೆ ನಿಮ್ಮ ಕರೆಂಟ್ ವಾಪಸ್ ಲೈನಿಗೆ ಹೋಗಿ, ಕಂಬ ಹತ್ತಿದ ಲೈನ್‌ಮನ್ ಜೀವಕ್ಕೆ ಕುತ್ತು.

ರಿಪೋರ್ಟಿನಲ್ಲಿ ಪ್ರತಿ ಸರ್ಕ್ಯೂಟಿಗೂ ಅಳತೆಯ ಅಂಕಿ, ತಾರೀಕು, ಮೀಟರಿನ ಹೆಸರು, ಲೈಸೆನ್ಸ್ ನಂಬರ್ ಇರಲಿ. ಇನ್ಶೂರೆನ್ಸ್‌ನವರ ಮುಂದೆ ನಿಲ್ಲುವುದು ಅಂಕಿ, ಸೀಲ್ ಅಲ್ಲ. ಪಾಲಿಸಿಯನ್ನೂ ಒಮ್ಮೆ ಓದಿ. ಸಾಮಾನ್ಯ ಫೈರ್ ಪಾಲಿಸಿಯಲ್ಲಿ ಶಾರ್ಟ್ ಸರ್ಕ್ಯೂಟಿನಿಂದ ಹೊತ್ತಿದ ಬೆಂಕಿ ಹರಡಿ ಆದ ನಷ್ಟಕ್ಕೆ ದುಡ್ಡು ಬರುತ್ತದೆ, ಶಾರ್ಟ್ ಆದ ಆ ಮಷೀನಿಗೆ ಬರುವುದಿಲ್ಲ. ಬಾಡಿಗೆ ಕರಾರಿನಲ್ಲಿ ಮೇನ್ ಬೋರ್ಡ್, ಅರ್ತ್ ಗುಂಡಿ ಖರ್ಚು ಯಾರದ್ದು ಅಂತ ಬರೆಸಿಕೊಳ್ಳದಿದ್ದರೆ, ಮುಂದಿನ ಸಲ ಕರಾರು ಮಾಡುವಾಗ ಬರೆಸಿ.

ಆರ್‌ಸಿಸಿಬಿ ಹಾಕಿಸಿದ ಮೊದಲ ವಾರ ಅದು ಪದೇ ಪದೇ ಬೀಳಬಹುದು. ಆಗ 'ಇದರ ಕಾಟ ಸಾಕು, ಡೈರೆಕ್ಟ್ ಮಾಡಿಬಿಡ್ತೀನಿ' ಅನ್ನುವವರು ಒಬ್ಬರು ಬಂದೇ ಬರುತ್ತಾರೆ. ಅವರಿಗೆ ಟೀ ಕೊಟ್ಟು ಕಳಿಸಿ. ಎಲ್ಲಾ ಪ್ಲಗ್ ಕಿತ್ತು, ಒಂದೊಂದೇ ಹಾಕುತ್ತಾ ಬನ್ನಿ. ಯಾವ ಮಷೀನ್ ಹಾಕಿದಾಗ ಬೀಳುತ್ತೋ ಅದು ರಿವೈಂಡಿಂಗ್ ಅಂಗಡಿಗೆ ಹೋಗಬೇಕು. ಯಾವುದೂ ಹಾಕದೆ ಬಿದ್ದರೆ ವೈರಿಂಗಿನಲ್ಲೇ ಸೋರಿಕೆ ಇದೆ, ಇಲ್ಲವೇ ಎರಡು ಭಾಗದ ನ್ಯೂಟ್ರಲ್ ಒಂದಕ್ಕೊಂದು ಬೆರೆತಿದೆ. ಆಗ ಸಹಿ ಹಾಕಿದ ಕಂಟ್ರಾಕ್ಟರನ್ನೇ ಮತ್ತೆ ಕರೆಸಿ.