ಮೊದಲ ಮೆಟಲ್ ಡಿಟೆಕ್ಟರ್: ನಮ್ಮ ಉಪ್ಪುನೀರಿಗೂ ಮುರಕಲ್ಲಿಗೂ ಒಗ್ಗುವುದು ಯಾವುದು?

ಪ್ರಶ್ನೆ: ಕಾಪುವಿನಲ್ಲಿ ನಮ್ಮ ಮನೆ. ಸಂಜೆ ಹೊತ್ತು ಬೀಚಿನಲ್ಲಿ ತಿರುಗಾಡುವ ಅಭ್ಯಾಸ ಇದೆ. ಹವ್ಯಾಸಕ್ಕೆ ಅಂತ ಒಂದು ಮೆಟಲ್ ಡಿಟೆಕ್ಟರ್ ತೆಗೆದುಕೊಳ್ಳುವ ಯೋಚನೆ. ಬಜೆಟ್ 25 ಸಾವಿರದ ಆಸುಪಾಸು. ಆನ್‌ಲೈನ್‌ನಲ್ಲಿ ಅದಕ್ಕಿಂತ ತುಂಬಾ ಕಡಿಮೆಗೂ ಕಾಣಿಸುತ್ತವೆ. ಕೆಲವರು ಹತ್ತು ಅಡಿ ಆಳದ ಚಿನ್ನವನ್ನೂ ತೋರಿಸುತ್ತದೆ ಅನ್ನುತ್ತಾರೆ. ಕಾರ್ಕಳದ ಅಜ್ಜಿಮನೆ ತೋಟದಲ್ಲೂ ಬಳಸುವ ಆಸೆ ಇದೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ಕಾಪು ಬೀಚು, ಕಾರ್ಕಳದ ತೋಟ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡಿದ್ದು ಈ ಎರಡು ಹೆಸರು. ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಮುರಕಲ್ಲಿನ (ಜಂಬಿಟ್ಟಿಗೆಯ) ಕೆಂಪು ಮಣ್ಣು. ಮೆಟಲ್ ಡಿಟೆಕ್ಟರಿಗೆ ಎರಡೂ ಕಷ್ಟದ ಜಾಗಗಳೇ. ಅಮೆರಿಕದ ಪಾರ್ಕಿನಲ್ಲೋ ಇಂಗ್ಲೆಂಡಿನ ಹೊಲದಲ್ಲೋ ಚೆನ್ನಾಗಿ ಓಡಿದ ಮಷಿನ್ ನಮ್ಮಲ್ಲಿ ಸುಮ್ನೆ ಕಿರುಚುತ್ತಾ ಕೂರಬಹುದು. ಹಾಗಾಗಿ ಬ್ರಾಂಡಿಗಿಂತ ಮೊದಲು ನೆಲದ ಮಾತು ಆಡಬೇಕು.

ಅದಕ್ಕೂ ಮೊದಲು ಆ ಹತ್ತು ಅಡಿಯ ವಿಷಯ ಮುಗಿಸಿಬಿಡೋಣ. ಡಿಟೆಕ್ಟರಿನ ತಟ್ಟೆಯೊಳಗೆ ತಂತಿಯ ಸುರುಳಿ ಇರುತ್ತದೆ, ಅದಕ್ಕೆ ಕಾಯಿಲ್ ಅನ್ನುತ್ತಾರೆ. ಅದು ನೆಲಕ್ಕೆ ಕಾಂತಕ್ಷೇತ್ರ ಕಳಿಸುತ್ತದೆ. ಕೆಳಗೆ ಲೋಹ ಇದ್ದರೆ ಅದರಲ್ಲಿ ಸಣ್ಣ ವಿದ್ಯುತ್ ಸುಳಿ ಹುಟ್ಟುತ್ತದೆ. ಆ ಸುಳಿ ತನ್ನದೇ ಕಾಂತಕ್ಷೇತ್ರವನ್ನು ವಾಪಸ್ ಕಳಿಸುತ್ತದೆ, ಮಷಿನ್ ಅದನ್ನು ಕೇಳಿಸಿಕೊಳ್ಳುತ್ತದೆ. ತೊಡಕು ಇರುವುದು ದೂರದಲ್ಲಿ. ಕಾಯಿಲಿನಿಂದ ಸ್ವಲ್ಪ ದೂರ ಹೋದ ಮೇಲೆ ಹೋಗುವ ಬಲ ದೂರದ ಘನದ ಲೆಕ್ಕದಲ್ಲಿ ಕುಗ್ಗುತ್ತದೆ. ಬರುವ ಬಲವೂ ಹಾಗೆಯೇ. ಎರಡೂ ಸೇರಿದರೆ ಆಳ ಎರಡು ಪಟ್ಟಾದಾಗ ಸದ್ದು ಅರ್ಧ ಆಗುವುದಿಲ್ಲ, ಸುಮಾರು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಒಳ್ಳೆಯ ಕಂಪನಿಯ ಮಷಿನ್ ಕೂಡ ಸಾಮಾನ್ಯ ನೆಲದಲ್ಲಿ ಒಂದು ನಾಣ್ಯವನ್ನು ಹಿಡಿಯುವುದು 20–25 ಸೆಂಟಿಮೀಟರ್ ಆಳದವರೆಗೆ. ಕೊಡಪಾನದಷ್ಟು ದೊಡ್ಡ ವಸ್ತು ಇನ್ನೂ ಆಳದಲ್ಲಿ ಸಿಕ್ಕೀತು. ಹತ್ತು ಅಡಿ ಕೆಳಗಿನ ಉಂಗುರ ಸಿಗುವುದಿಲ್ಲ. ನಾಲ್ಕು ಪಟ್ಟು ದುಡ್ಡು ಕೊಟ್ಟರೂ ಆಳ ನಾಲ್ಕು ಪಟ್ಟು ಆಗುವುದಿಲ್ಲ, ಕಡಿಮೆ ಬಜೆಟ್ಟಿನವರಿಗೆ ಇದು ಸಮಾಧಾನದ ಸಂಗತಿಯೇ ಅಲ್ವಾ!

'ಚಿನ್ನ ಮಾತ್ರ ತೋರಿಸುವ', ದೂರದಿಂದಲೇ ದಿಕ್ಕು ಹೇಳುವ ಎರಡು ಕಡ್ಡಿಯ ಉಪಕರಣಗಳೂ ಬರುತ್ತವೆ. ಅವುಗಳ ಬೆಲೆ ಕೇಳಲೂ ಹೋಗಬೇಡಿ. ಅದು ಮೋಸ, ಬೇರೆ ಮಾತಿಲ್ಲ.

ಈಗ ಬೀಚಿಗೆ ಬರೋಣ. ಒಣ ಹೊಯಿಗೆ, ಅಂದರೆ ಮರಳು, ತುಂಬಾ ಸುಲಭದ ಜಾಗ. ಜನ ಕೂರುವ, ಚುರುಮುರಿ ತಿನ್ನುವ, ಮಕ್ಕಳು ಹೊರಳಾಡುವ ಪಟ್ಟಿ ಅದು. ಸಾಧಾರಣ ಮಷಿನ್ ಕೂಡ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ತೊಂದರೆ ಶುರುವಾಗುವುದು ಅಲೆ ಬಂದು ಹೋಗುವ ಒದ್ದೆ ಜಾಗದಲ್ಲಿ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇದೆ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಮಷಿನ್ ಕಣ್ಣಿಗೆ ಒದ್ದೆ ಹೊಯಿಗೆಯೇ ಒಂದು ತೆಳು ಲೋಹ. ಕಾಯಿಲ್ ಸ್ವಲ್ಪ ಮೇಲೆ ಕೆಳಗೆ ಆದರೂ ಕೂಗುತ್ತದೆ. ಸೆನ್ಸಿಟಿವಿಟಿ, ಅಂದರೆ ಸಣ್ಣ ಸದ್ದನ್ನೂ ಹಿಡಿಯುವ ಮಟ್ಟ, ಇಳಿಸಿದರೆ ಕೂಗು ನಿಲ್ಲುತ್ತದೆ, ಜೊತೆಗೆ ಆಳವೂ ಹೋಗುತ್ತದೆ.

ಕಾಯಿಲಿನ ಕಾಂತಕ್ಷೇತ್ರ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವುದೇ ಫ್ರೀಕ್ವೆನ್ಸಿ. ಒಂದೇ ಫ್ರೀಕ್ವೆನ್ಸಿಯ ಮಷಿನ್‌ಗಳ ಮಿತಿ ಇಲ್ಲೇ ಗೊತ್ತಾಗುವುದು. ಗ್ಯಾರೆಟ್ ಏಸ್ 250 ಅಂತ ಹಳೆಯ, ಹೆಸರುವಾಸಿ ಮಾಡೆಲ್ ಇದೆ. ಅದು 6.5 ಕಿಲೋಹರ್ಟ್ಜ್‌ನಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಗುರ, ಕಲಿಯಲು ಸುಲಭ, ಸಾಮಾನ್ಯ ಪೆನ್‌ಸೆಲ್ ಸಾಕು. ಆದರೆ ನೆಲಕ್ಕೆ ತಕ್ಕಂತೆ ಹೊಂದಿಸುವ ವ್ಯವಸ್ಥೆ ಅದರಲ್ಲಿ ಇಲ್ಲ, ಕಂಪನಿ ಇಟ್ಟದ್ದೇ ಕೊನೆ. ಒಣ ಹೊಯಿಗೆಗೆ ಸೈ, ಅಲೆ ಅಂಚಿಗೆ ಕಿರಿಕಿರಿ. ಒಟ್ಟಿಗೆ ಹಲವು ಫ್ರೀಕ್ವೆನ್ಸಿ ಬಳಸುವ ಮಷಿನ್ ಮಾತ್ರ ಉಪ್ಪಿನ ಸದ್ದು ಯಾವುದು, ಲೋಹದ ಸದ್ದು ಯಾವುದು ಎಂದು ಹೋಲಿಸಿ ನೋಡುತ್ತದೆ. ಮೊದಲು ಇದು ದುಬಾರಿ ಮಷಿನ್‌ಗಳಲ್ಲೇ ಇತ್ತು. 2019ರಲ್ಲಿ ಆಸ್ಟ್ರೇಲಿಯಾದ ಮೈನ್‌ಲ್ಯಾಬ್ ಕಂಪನಿ ವ್ಯಾಂಕ್ವಿಶ್ ಸರಣಿ ತಂದ ಮೇಲೆ ಕೆಳಗಿನ ದರ್ಜೆಯಲ್ಲೂ ಸಿಗುತ್ತಿದೆ.

ಇನ್ನು ಕಾರ್ಕಳದ ತೋಟ. ಮುರಕಲ್ಲು ಕೆಂಪಗೆ ಇರುವುದೇ ಕಬ್ಬಿಣದ ಆಕ್ಸೈಡಿನಿಂದ. ಬಾವಿ ತೋಡಿದ ಮಣ್ಣು, ಕಲ್ಲು ಕಡಿದ ಪುಡಿ, ಎಲ್ಲದರಲ್ಲೂ ಅದೇ. ನೆಲವೇ ಮಷಿನ್ನಿಗೆ ಉತ್ತರ ಕೊಡಲು ಶುರು ಮಾಡುತ್ತದೆ, ನಡುವೆ ಇರುವ ಸಣ್ಣ ಉಂಗುರದ ಉತ್ತರ ಮುಳುಗಿಹೋಗುತ್ತದೆ. ಇದಕ್ಕೆ ಮದ್ದು ಗ್ರೌಂಡ್ ಬ್ಯಾಲೆನ್ಸ್. ಲೋಹ ಇಲ್ಲದ ಒಂದು ಜಾಗ ನೋಡಿ, ಬಟನ್ ಒತ್ತಿಕೊಂಡು ಕಾಯಿಲನ್ನು ನಾಲ್ಕೈದು ಸಲ ನೆಲದ ಹತ್ತಿರ ತಂದು ಮೇಲೆತ್ತಬೇಕು. ಮಷಿನ್ ಆ ನೆಲದ ಸದ್ದನ್ನು ಕಲಿತು ಪಕ್ಕಕ್ಕಿಡುತ್ತದೆ. ಟರ್ಕಿಯ ನೋಕ್ಟಾ ಕಂಪನಿಯ ಸಿಂಪ್ಲೆಕ್ಸ್ ಮಾಡೆಲ್‌ಗಳಲ್ಲಿ ಇದು ಇದೆ. ಮೊದಲ ಸಿಂಪ್ಲೆಕ್ಸ್ ಪ್ಲಸ್ 12 ಕಿಲೋಹರ್ಟ್ಜ್‌ನದು, ಮೂರು ಮೀಟರ್ ನೀರಿನವರೆಗೆ ಪೂರ್ತಿ ಜಲನಿರೋಧಕ, ಚಾರ್ಜ್ ಮಾಡುವ ಬ್ಯಾಟರಿ ಒಳಗೇ ಇದೆ. ಫ್ರೀಕ್ವೆನ್ಸಿ ಒಂದೇ. ಬೀಚ್ ಮೋಡ್ ಕೊಟ್ಟಿದ್ದಾರೆ, ಆದರೂ ಒದ್ದೆ ಹೊಯಿಗೆಯಲ್ಲಿ ವ್ಯಾಂಕ್ವಿಶ್‌ನಷ್ಟು ಶಾಂತವಾಗಿ ಇರುವುದಿಲ್ಲ.

ಹಾಗಾದರೆ ಯಾವುದು? ನಿಮ್ಮ ಸಂಜೆಗಳು ಕಾಪುವಿನಲ್ಲೇ ಕಳೆಯುವುದಾದರೆ ವ್ಯಾಂಕ್ವಿಶ್ 340 ಅಥವಾ 440. ತೋಟವೇ ಜಾಸ್ತಿ, ಇಲ್ಲವೇ ಸೊಂಟದ ಮಟ್ಟದ ನೀರಿಗೆ ಇಳಿಯುವ ಯೋಚನೆ ಇದ್ದರೆ ಸಿಂಪ್ಲೆಕ್ಸ್. ವ್ಯಾಂಕ್ವಿಶ್‌ನ ಕಾಯಿಲ್ ಮಾತ್ರ ನೀರಿಗೆ ಇಳಿಯುತ್ತದೆ. ಮೇಲಿನ ಪೆಟ್ಟಿಗೆಗೆ ಅಲೆ ಹೊಡೆದರೆ ಕಥೆ ಮುಗಿಯಿತು. ನಮ್ಮ ಕಡಲು ಮೊಣಕಾಲಿನ ಮಟ್ಟದಲ್ಲೂ ಹೇಗೆ ತಳ್ಳುತ್ತದೆ ಅಂತ ಕಾಪುವಿನವರಿಗೆ ನಾನು ಹೇಳಬೇಕಾಗಿಲ್ಲ. ನನ್ನನ್ನು ಕೇಳಿದರೆ ನಿಮಗೆ ವ್ಯಾಂಕ್ವಿಶ್ 340. ಪೆಟ್ಟಿಗೆಗೆ ಒಂದು ಪ್ಲಾಸ್ಟಿಕ್ ಕವರ್ ಕಟ್ಟಿ, ಪಾದ ಒದ್ದೆಯಾಗುವಷ್ಟಕ್ಕೆ ನಿಲ್ಲಿ.

ಈ ದರ್ಜೆಯ ಮಷಿನ್‌ಗಳ ಬೆಲೆ ಹೊರದೇಶದಲ್ಲಿ ಸುಮಾರು 200ರಿಂದ 300 ಡಾಲರ್. ಇಲ್ಲಿಗೆ ಬರುವಾಗ ಸಾಗಣೆ, ಸುಂಕ ಸೇರುತ್ತದೆ, 25 ಸಾವಿರ ಬಿಗಿಯಾಗಬಹುದು. ನಮ್ಮ ಜಿಲ್ಲೆಗಳಲ್ಲಿ ದುಬೈಯಲ್ಲೋ ಮಸ್ಕತ್‌ನಲ್ಲೋ ಒಬ್ಬ ಭಾವನೋ ಅಣ್ಣನೋ ಇಲ್ಲದ ಮನೆ ಕಡಿಮೆ. ಅವರು ಊರಿಗೆ ಬರುವಾಗ ತರಿಸುವುದಾದರೆ ಬಿಲ್ ಜೊತೆಗಿರಲಿ, ಕಸ್ಟಮ್ಸ್‌ನ ಲಗೇಜ್ ನಿಯಮವನ್ನು ಮೊದಲೇ ನೋಡಿಕೊಳ್ಳಲಿ. ಆ ದೇಶದ ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದೂ ಕೇಳಿಸಿ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಕಾಯಿಲಿನ ವೈರ್ ಬುಡದಲ್ಲಿ ಬಿರುಕು ಇದೆಯೇ, ಬ್ಯಾಟರಿ ಗೂಡಿನಲ್ಲಿ ತುಕ್ಕು ಹಿಡಿದಿದೆಯೇ ನೋಡಿದರೆ ಅರ್ಧ ಪರೀಕ್ಷೆ ಆಯಿತು. ಆನ್‌ಲೈನಿನ ತೀರಾ ಅಗ್ಗದ, ಹೆಸರಿಲ್ಲದ ಮಷಿನ್‌ಗಳು ಮಕ್ಕಳ ಆಟಕ್ಕೆ, ಒಣ ಹೊಯಿಗೆಗೆ ಸರಿ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ.

ಬಜೆಟ್ಟಿನಲ್ಲಿ ಸ್ವಲ್ಪ ದುಡ್ಡನ್ನು ಹೊಯಿಗೆ ಬಾಚುವ ತೂತಿನ ಸೌಟಿಗೆ ಎತ್ತಿಡಿ. ಹೊರಗಿನಿಂದ ತರಿಸುವ ಅಗತ್ಯ ಇಲ್ಲ. ಮಲ್ಪೆಯಲ್ಲಿ ಬೋಟಿನ ಕೆಲಸ ಮಾಡುವ ಯಾವ ವೆಲ್ಡಿಂಗ್ ಅಂಗಡಿಯವರಾದರೂ ಸ್ಟೀಲ್ ತಗಡಿಗೆ ತೂತು ಹೊಡೆದು ಹಿಡಿ ಹಾಕಿ ಕೊಟ್ಟಾರು. ತೂತು ನಿಮ್ಮ ಕಿರುಬೆರಳಿನ ಉಂಗುರಕ್ಕಿಂತ ಸಣ್ಣದಿರಲಿ. ತೋಟಕ್ಕಾದರೆ ಪಿನ್‌ಪಾಯಿಂಟರ್, ಅಂದರೆ ಗುಂಡಿಯೊಳಗೆ ಲೋಹ ಇರುವ ಜಾಗವನ್ನು ಸರಿಯಾಗಿ ತೋರಿಸುವ, ಕೈಯಲ್ಲಿ ಹಿಡಿಯುವ ಸಣ್ಣ ಕಡ್ಡಿ, ಉಪಯೋಗಕ್ಕೆ ಬರುತ್ತದೆ, ಅದನ್ನು ಆಮೇಲೆ ನಿಧಾನಕ್ಕೆ ಕೊಂಡರಾಯಿತು.

ಏನು ಸಿಗುತ್ತದೆ ಅನ್ನುವುದನ್ನೂ ಈಗಲೇ ಹೇಳಿಬಿಡುತ್ತೇನೆ. ಸೋಡಾ ಬಾಟಲಿಯ ಮುಚ್ಚಳ, ಮಾತ್ರೆಯ ಪಟ್ಟಿ, ಬೀರ್ ಕ್ಯಾನಿನ ಚೂರು, ಬೀಸುಬಲೆಯಿಂದ ಕಳಚಿದ ಸೀಸದ ಗುಂಡು. ಸೀಸ ಎಷ್ಟು ಚಂದ ಕೂಗುತ್ತದೆ ಅಂದರೆ ಪ್ರತಿ ಸಲವೂ ಆಸೆ ಹುಟ್ಟಿಸುತ್ತದೆ. ಸಿಕ್ಕ ಲೋಹಕ್ಕೆ ತಕ್ಕಂತೆ ಮಷಿನ್ ಸ್ಕ್ರೀನಿನಲ್ಲಿ ಒಂದು ನಂಬರು ತೋರಿಸುತ್ತದೆ. ಹಾಗಂತ ಕಸದ ನಂಬರುಗಳನ್ನೆಲ್ಲ ಮಷಿನ್ನಿನಲ್ಲಿ ಬಂದ್ ಮಾಡಿದಿರೋ, ಚಿನ್ನವೂ ಹೋಯಿತು. ತೆಳು ಉಂಗುರ, ಅಲ್ಯೂಮಿನಿಯಂ ಚೂರು ಎರಡೂ ಸ್ಕ್ರೀನಿನಲ್ಲಿ ಒಂದೇ ಸಾಲಿನಲ್ಲಿ ಬರುತ್ತವೆ. ಇನ್ನೂ ಕಷ್ಟ ಸರದ್ದು. ಮಷಿನ್ ಇಡೀ ಸರವನ್ನು ಒಂದು ವಸ್ತುವಾಗಿ ನೋಡುವುದಿಲ್ಲ, ಒಂದೊಂದು ಕೊಂಡಿಯನ್ನು ಬೇರೆ ಬೇರೆಯಾಗಿ ನೋಡುತ್ತದೆ. ಕೊಂಡಿ ಸಣ್ಣದಾದಷ್ಟೂ ಸದ್ದು ಸಣ್ಣ. ಕರಿಮಣಿ ಸರ ಆದರೆ ನಡುನಡುವೆ ಚಿನ್ನದ ಗುಂಡು ಅಷ್ಟೇ, ಉಳಿದದ್ದು ಮಣಿ. ತಾಳಿಯ ಭಾಗ ಕಾಯಿಲಿನ ಕೆಳಗೆ ಬಂದರೆ ಸಿಕ್ಕೀತು. ಪಣಂಬೂರಿನಲ್ಲಿ ಕರಿಮಣಿ ಕಳೆದುಕೊಂಡ ಅಕ್ಕ ಯಾರಾದರೂ ನಿಮ್ಮ ಕೈಯಲ್ಲಿ ಮಷಿನ್ ನೋಡಿ ಓಡಿ ಬಂದರೆ ಇದನ್ನು ಮೊದಲೇ ಹೇಳಿ ಹುಡುಕಲು ಶುರು ಮಾಡಿ.

ನಾಣ್ಯದ ವಿಷಯದಲ್ಲೂ ವಿದೇಶದ ವಿಡಿಯೊ ನಂಬಬೇಡಿ. ಈಗಿನ ನಮ್ಮ 1 ಮತ್ತು 2 ರೂಪಾಯಿ ನಾಣ್ಯ ಒಂದು ಜಾತಿಯ ಸ್ಟೀಲು, ಅಯಸ್ಕಾಂತಕ್ಕೆ ಅಂಟುತ್ತದೆ. ಕಬ್ಬಿಣ ಬೇಡ ಎಂದು ಸೆಟ್ ಮಾಡಿಟ್ಟರೆ ಅವು ತಪ್ಪಿಹೋಗಬಹುದು. ಹಿತ್ತಾಳೆ ಬಣ್ಣದ 5 ರೂಪಾಯಿ ಹಾಗಲ್ಲ. 2011ರ ಜೂನ್ 30ಕ್ಕೆ ಚಲಾವಣೆ ನಿಂತ 25 ಪೈಸೆ, ಅದಕ್ಕೂ ಹಿಂದಿನ ಅಲ್ಯೂಮಿನಿಯಂ ಪೈಸೆಗಳು ತೋಟದಲ್ಲಿ ಸಿಕ್ಕರೆ ಆಶ್ಚರ್ಯ ಇಲ್ಲ.

ಕಾನೂನಿನ ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬ್ರಿಟಿಷರ ಕಾಲದ 1878ರ ನಿಧಿ ಕಾಯ್ದೆ, ಆಮೇಲೆ ನಮ್ಮ ರಾಜ್ಯದ್ದೇ 1962ರ ಕಾಯ್ದೆ ಇವೆ. ನೆಲದೊಳಗೆ ಹೂತ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಮ್ಮ ಅಜ್ಜಿಯ ತೋಟ ಅಲ್ವಾ ಅನ್ನುವುದು ನಡೆಯುವುದಿಲ್ಲ. ತುಳುನಾಡು ಆಳಿದ ಆಳುಪರ ನಾಣ್ಯಗಳ ಮೇಲೆ ಜೋಡಿ ಮೀನಿನ ಗುರುತು ಇರುತ್ತಿತ್ತು. ಅಂಥದ್ದೇನಾದರೂ ಕಂಡರೆ ಉಜ್ಜಿ ತೊಳೆಯಬೇಡಿ, ಸುತ್ತ ಅಗೆಯಬೇಡಿ, ಇದ್ದಲ್ಲೇ ಫೋಟೊ ತೆಗೆದು ತಿಳಿಸಿ. ನೂರು ವರ್ಷ ದಾಟಿದ ನಾಣ್ಯ, ಮೂರ್ತಿ 1972ರ ಪುರಾತನ ವಸ್ತುಗಳ ಕಾಯ್ದೆಯೊಳಗೂ ಬರುತ್ತವೆ. ಬಾರ್ಕೂರಿನ ಕೋಟೆ ಜಾಗ, ಹಳೆ ಬಸದಿ, ದೇವಸ್ಥಾನದ ಸುತ್ತಮುತ್ತ ಮಷಿನ್ ಹಿಡಿದು ಹೋಗುವ ಯೋಚನೆಯೇ ಬೇಡ. ಸಂರಕ್ಷಿತ ಸ್ಮಾರಕದಲ್ಲಿ ಅಗೆದರೆ ಹವ್ಯಾಸ ಎಂದು ಯಾರೂ ಬಿಡುವುದಿಲ್ಲ.

ಬೀಚಿನಲ್ಲಿ ಸಿಗುವ ಹೊಸ ಉಂಗುರ ನಿಧಿ ಅಲ್ಲ, ಯಾರೋ ಕಳೆದುಕೊಂಡದ್ದು. ಯಜಮಾನರನ್ನು ಹುಡುಕುವ ಪ್ರಯತ್ನವನ್ನೇ ಮಾಡದೆ ಜೇಬಿಗೆ ಹಾಕಿದರೆ ಅದೂ ಅಪರಾಧ. ಮೊದಲು ಐಪಿಸಿ 403 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆಯ 314. ಹತ್ತಿರದ ಠಾಣೆಗೆ ಕೊಟ್ಟು ಒಂದು ರಸೀದಿ ತೆಗೆದುಕೊಳ್ಳಿ. ಹೋಗುವ ಮೊದಲೇ ಲೈಫ್‌ಗಾರ್ಡಿಗೆ, ಬೀಚ್ ನೋಡಿಕೊಳ್ಳುವವರಿಗೆ ಹೇಳಿ ಒಪ್ಪಿಗೆ ಕೇಳಿಡುವುದು ಒಳ್ಳೆಯದು. ಮುಸ್ಸಂಜೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ನೆಲ ಬಗೆಯುವ ಮನುಷ್ಯನನ್ನು ಕಂಡರೆ ಜನಕ್ಕೆ ಸಂಶಯ ಬರುವುದು ಸಹಜ. 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ಪಡುಬಿದ್ರಿ ಬೀಚಿನಲ್ಲಂತೂ ಕೇಳದೆ ಸಲಾಕೆ ಹಾಕಬೇಡಿ. ಆಲಿವ್ ರಿಡ್ಲೆ ಆಮೆಗಳು ನಮ್ಮ ಕರಾವಳಿಯಲ್ಲಿ ಮೊಟ್ಟೆ ಇಡುತ್ತವೆ. ಬಲೆಯ ಬೇಲಿ ಕಂಡರೆ ದೂರದಿಂದಲೇ ಸುತ್ತಿ ಹೋಗಿ. ತೆಗೆದ ಗುಂಡಿ ಮುಚ್ಚಿ, ಸಿಕ್ಕ ಕಸ ಮನೆಗೆ ತನ್ನಿ.

ಸಮಯದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಕಡಲು ದಂಡೆಯ ಹೊಯಿಗೆಯನ್ನು ಎಳೆದುಕೊಂಡು ಹೋಗುತ್ತದೆ, ಮಳೆ ಮುಗಿದ ಮೇಲೆ ನಿಧಾನಕ್ಕೆ ತಂದು ಹಾಕುತ್ತದೆ. ಆಳದಲ್ಲಿ ಇದ್ದದ್ದು ಕೈಗೆ ಹತ್ತಿರ ಬರುವುದು ಕೊರೆತ ಆದ ಮೇಲೆ, ಹೊಸ ಹೊಯಿಗೆ ತುಂಬುವ ಮೊದಲು. ಹಾಗಂತ ಜೂನ್–ಜುಲೈಯ ಅಲೆಯ ಎದುರು ನಿಲ್ಲಬೇಡಿ. ಸೆಪ್ಟೆಂಬರ್ ಕಳೆದು ಕಡಲು ತಣ್ಣಗಾದಾಗ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನ ದೊಡ್ಡ ಇಳಿತದ ಹೊತ್ತು ನೋಡಿಕೊಂಡು ಹೋಗಿ. ಉಳಿದ ದಿನ ಮುಚ್ಚಿರುವ ಪಟ್ಟಿ ಆಗ ತೆರೆದಿರುತ್ತದೆ. ಕೆಲವು ಕಡೆ ಅಲ್ಲಿ ಕಪ್ಪು ಹೊಯಿಗೆಯ ಗೆರೆ ಕಾಣಿಸುತ್ತದೆ. ಅದರಲ್ಲಿ ಕಬ್ಬಿಣದ ಅಂಶ ಇರುತ್ತದೆ, ಅದರ ಮೇಲೆ ಮಷಿನ್ ತಡವರಿಸಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ.

ಮಷಿನ್ ಮನೆಗೆ ಬಂದ ದಿನವೇ ವಾಪಸ್ ಮಾಡುವ ಅವಧಿ ಎಷ್ಟೆಂದು ನೋಡಿಕೊಳ್ಳಿ. ಫ್ರಿಜ್, ಟಿವಿ, ಇನ್ವರ್ಟರಿನಿಂದ ದೂರ, ಅಂಗಳದಲ್ಲಿ ಮರದ ಸ್ಟೂಲಿನ ಮೇಲೆ ಇಡಿ. ಕಾಯಿಲಿನ ಮುಂದೆ 5 ರೂಪಾಯಿ ನಾಣ್ಯ, ಆಮೇಲೆ ಮನೆಯವರ ಉಂಗುರ, ಒಂದು ಮಾತ್ರೆ ಪಟ್ಟಿ, ಒಂದು ಮೊಳೆ ಒಂದೊಂದಾಗಿ ಆಡಿಸಿ. ಯಾವುದಕ್ಕೆ ಯಾವ ನಂಬರು, ಯಾವ ಸದ್ದು ಅಂತ ಬರೆದಿಡಿ. ನಾಣ್ಯ ಒಂದು ಗೇಣು ದೂರದಲ್ಲೂ ಕೇಳಿಸದಿದ್ದರೆ ಪೆಟ್ಟಿಗೆ ಕಟ್ಟಿ ವಾಪಸ್ ಕಳಿಸಿ.