ಮೊದಲ ಅಧ್ಯಾಯದಲ್ಲಿ ತೀರಿಕೊಂಡ ಅಜ್ಜ ಹತ್ತರಲ್ಲಿ ಹೇಗೆ ಬಂದರು?

ಪ್ರಶ್ನೆ: ಸಾಗರದ ಕಡೆಯ ಅಡಿಕೆ ತೋಟದ ಮನೆಯೊಂದರ ಕಥೆಯನ್ನು ಎಐ ಜೊತೆ ಸೇರಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲೇ ಅಜ್ಜ ತೀರಿಕೊಳ್ಳುತ್ತಾರೆ. ಹತ್ತನೇ ಅಧ್ಯಾಯದಲ್ಲಿ ನೋಡಿದರೆ ಅಂಗಳದಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಾರೆ! ಯಾಕೆ ಹೀಗೆ?

ಉತ್ತರ: ಅಜ್ಜ ಇಲ್ಲ ಅನ್ನುವುದನ್ನು ಎಐ ಎಲ್ಲೂ ಬೇರೆಯಾಗಿ ಬರೆದಿಟ್ಟುಕೊಂಡಿರುವುದಿಲ್ಲ. ಎದುರಿಗಿರುವ ಬರಹ ನೋಡಿ ಮುಂದಿನ ತುಣುಕು (ಒಂದು ಪದ ಅಥವಾ ಪದದ ಚೂರು) ಯಾವುದಿರಬಹುದು ಎಂದು ಊಹಿಸುತ್ತಾ ಹೋಗುತ್ತದೆ. ಅಂಗಳ, ಕೊಯ್ಲು, ಅಡಿಕೆ ಸುಲಿಯುವ ಮೆಟ್ಟುಗತ್ತಿ ಎಲ್ಲ ಬಂದ ಮೇಲೆ ಅಲ್ಲೊಬ್ಬ ಅಜ್ಜ ಇರುವುದು ಸಹಜ ಅಲ್ವಾ? ಅದೂ ಹಾಗೇ ಊಹಿಸಿತು.

ಹಳೆಯ ಕಥೆಯಂತ್ರಗಳು ಹೀಗಿರಲಿಲ್ಲ. 1976ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಮೀಹನ್ ಟೇಲ್‌ಸ್ಪಿನ್ ಎಂಬ, ಪ್ರಾಣಿಗಳ ಕಥೆ ಕಟ್ಟುವ ಪ್ರೋಗ್ರಾಂ ಮಾಡಿದರು. ಯಾವ ಪ್ರಾಣಿ ಎಲ್ಲಿದೆ, ಅದಕ್ಕೆ ಏನು ಗೊತ್ತು, ಏನು ಬೇಕು ಎಲ್ಲದಕ್ಕೂ ಅದರಲ್ಲಿ ಲೆಕ್ಕವಿತ್ತು. ಭಾಷೆ ಮಾತ್ರ ಬರೀ ಸಪ್ಪೆ. ಈಗಿನವು ಸೊಗಸಾಗಿ ಬರೆಯುತ್ತವೆ, ಆ ಲೆಕ್ಕ ಇಡುವುದಿಲ್ಲ. ಹಾಗಾಗಿ ಲೆಕ್ಕ ನಾವೇ ಇಡಬೇಕು.

ಇನ್ನೊಂದು ಕಾರಣ, ಅದು ಒಮ್ಮೆಗೆ ನೋಡಬಲ್ಲ ಬರಹಕ್ಕೆ ಮಿತಿಯಿದೆ. 2019ರ ಜಿಪಿಟಿ-2 ಎಂಬ ಎಐಗೆ 1,024 ತುಣುಕು ಮಾತ್ರ ಕಾಣುತ್ತಿತ್ತು. ಅದಕ್ಕಿಂತ ಹಿಂದಿನದು ಅದರ ಪಾಲಿಗೆ ಇಲ್ಲವೇ ಇಲ್ಲ. ಈಗ ಮಿತಿ ಎಷ್ಟೋ ಪಟ್ಟು ದೊಡ್ಡದಾಗಿದೆ. ಆದರೂ ಉದ್ದದ ಬರಹದಲ್ಲಿ ಎಲ್ಲೋ ನಡುವೆ ಒಮ್ಮೆ ಹೇಳಿದ ಸಂಗತಿ ಲೆಕ್ಕಕ್ಕೆ ಬಾರದೆ ಹೋಗಬಹುದು.

ಕನ್ನಡದಲ್ಲಿ ಬರೆದರೆ ಈ ಜಾಗ ಇನ್ನೂ ಬೇಗ ತುಂಬುತ್ತದೆ. ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ (ಕಂಪ್ಯೂಟರಿನ ಜಾಗದ ಅಳತೆ) ಸಾಕು. ನಮ್ಮ ಒಂದೊಂದು ಅಕ್ಷರಕ್ಕೂ, ಒಂದೊಂದು ಗುಣಿತದ ಚಿಹ್ನೆಗೂ 3 ಬೈಟ್ ಬೇಕು. ‘ಮಲೆನಾಡು’ ಅಂದರೆ 21 ಬೈಟ್. ಎಐ ಕಲಿತ ಬರಹದಲ್ಲಿ ಕನ್ನಡ ಕಡಿಮೆ ಇರುವುದರಿಂದ ನಮ್ಮ ಪದಗಳು ಜಾಸ್ತಿ ಚೂರಾಗುತ್ತವೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ. ಅದೇ ಕಥೆಗೆ ನಾವು ಹೆಚ್ಚು ಜಾಗ ತೆರಬೇಕಾಗಿದೆ.

ಈಗ ಹೀಗೆ ಮಾಡಿ. ಕಥೆಯ ಸಂಗತಿಗಳನ್ನು ಒಂದು ಪುಟದಲ್ಲಿ ಬರೆದುಕೊಳ್ಳಿ. ಯಾರು ಯಾರಿಗೆ ಏನಾಗಬೇಕು, ಯಾರು ಈಗಿಲ್ಲ, ಯಾವ ತಿಂಗಳು ನಡೆಯುತ್ತಿದೆ. ಪ್ರತಿ ಅಧ್ಯಾಯ ಬರೆಸುವ ಮುಂಚೆ ಆ ಪುಟವನ್ನು ಮತ್ತೆ ಕೊಡಿ. ಅಧ್ಯಾಯ ಮುಗಿದಾಗ ಹೊಸದಾಗಿ ಆದದ್ದನ್ನು ಅದಕ್ಕೆ ಸೇರಿಸಿ.

ತಿಂಗಳನ್ನು ಮಾತ್ರ ಮರೆಯದೆ ಬರೆಯಿರಿ. ಇಲ್ಲವಾದರೆ ಜುಲೈ ಮಳೆಯಲ್ಲಿ, ಕೊಳೆರೋಗಕ್ಕೆ ಔಷಧಿ ಹೊಡೆಯುವ ಹೊತ್ತಿಗೆ, ಅದು ನಿಮ್ಮ ತೋಟದಲ್ಲಿ ಅಡಿಕೆ ಗೊನೆಯ ಕೊಯ್ಲು ಶುರು ಮಾಡಿಸೀತು.